ನಾಣ್ಯಗಳ ದರ್ಜೆ ನಿರ್ಣಯ ಮತ್ತು ಮೌಲ್ಯಮಾಪನ

ನಾಣ್ಯಗಳ ದರ್ಜೆ ನಿರ್ಣಯ ಎಂದರೆ ಸಂಗ್ರಹಯೋಗ್ಯ ನಾಣ್ಯವೊಂದು ಅಸಲಿಯೇ ಎಂಬುದನ್ನು ಪರೀಕ್ಷಿಸಿ, ಅದು ಎಷ್ಟರಮಟ್ಟಿಗೆ ಸವೆಯದೆ ಉಳಿದಿದೆ ಎಂಬುದನ್ನು ಒಪ್ಪಿತ ಮಾನದಂಡದ ಮೇಲೆ ಗುರುತಿಸುವ ಕ್ರಿಯೆ. ಆ ನಾಣ್ಯಕ್ಕೆ ಮಾರುಕಟ್ಟೆಯಲ್ಲಿ ದೊರೆಯಬಹುದಾದ ಬೆಲೆಯನ್ನು ಅಂದಾಜು ಮಾಡುವುದು ಮೌಲ್ಯಮಾಪನ. ಇವೆರಡೂ ಪರಸ್ಪರ ಸಂಬಂಧವುಳ್ಳವು, ಆದರೆ ಒಂದೇ ಅಲ್ಲ. ದರ್ಜೆಯು ನಾಣ್ಯದ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಬೆಲೆಯು ಸ್ಥಿತಿಯ ಜೊತೆಗೆ ಅಪರೂಪತೆ, ಬೇಡಿಕೆ ಮತ್ತು ಲೋಹವನ್ನೂ ಅವಲಂಬಿಸಿರುತ್ತದೆ. ಈ ವ್ಯತ್ಯಾಸವನ್ನು ಅರಿಯದವರು ಬೆಲೆಬಾಳುವ ನಾಣ್ಯವನ್ನು ಬೆಳ್ಳಿಯ ತೂಕಕ್ಕೆ ಮಾರುವುದೂ ಸಾಮಾನ್ಯ ನಾಣ್ಯಕ್ಕೆ ಲಕ್ಷಗಳನ್ನು ನಿರೀಕ್ಷಿಸಿ ಮೋಸಹೋಗುವುದೂ ಉಂಟು.

ಹಿನ್ನೆಲೆ

ಕನ್ನಡನಾಡಿನಲ್ಲಿ ನಾಣ್ಯ ಪರೀಕ್ಷೆಯು ಹಳೆಯ ವೃತ್ತಿ. ನಾಣ್ಯದ ಶುದ್ಧತೆಯನ್ನೂ ತೂಕವನ್ನೂ ಪರೀಕ್ಷಿಸುವವನನ್ನು ನೋಟಗಾರ ಎಂದು ಕರೆಯುತ್ತಿದ್ದರು. ಚಿನಿವಾರರು ಹಾಗೂ ಶರಾಫರು ನಾಣ್ಯ ವಿನಿಮಯದ ವ್ಯವಹಾರ ನಡೆಸುತ್ತಿದ್ದರು. ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ಬೇಳೆ, ವೀಸ ಮುಂತಾದ ನಾಣ್ಯಗಳ ಹೆಸರುಗಳಿವೆ. ಅವುಗಳಲ್ಲಿ ಬರುವ ಲೊಕ್ಕಿ ಗದ್ಯಾಣವು ಲಕ್ಕುಂಡಿಯ ಟಂಕಸಾಲೆಗೆ ಸಂಬಂಧಿಸಿದ್ದು. ನಾಣ್ಯವನ್ನು ಎಲ್ಲಿ ಅಚ್ಚು ಹಾಕಲಾಯಿತು ಎಂಬುದು ಅಂದಿನ ವ್ಯವಹಾರದಲ್ಲೂ ಮುಖ್ಯವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಸವೆದ ನಾಣ್ಯಕ್ಕೆ ಅಥವಾ ಪರಸ್ಥಳದ ನಾಣ್ಯಕ್ಕೆ ಶರಾಫರು ಮುರಿದುಕೊಳ್ಳುತ್ತಿದ್ದ ಮೊತ್ತಕ್ಕೆ ಬಟ್ಟಾ ಎಂಬ ಹೆಸರಿತ್ತು. ಮೊಗಲರ ಮತ್ತು ಮರಾಠರ ಕಾಲದ ಬೆಳ್ಳಿ ರೂಪಾಯಿಗಳ ಮೇಲೆ ಕಾಣುವ ಸಣ್ಣ ಮುದ್ರೆಗಳು ಇಂತಹ ಪರೀಕ್ಷೆಯ ಕುರುಹುಗಳು. ಅಂದು ಅವು ನಾಣ್ಯದ ಅಸಲಿತನಕ್ಕೆ ಸಾಕ್ಷಿಯಾಗಿದ್ದವು. ಇಂದಿನ ದರ್ಜೆ ನಿರ್ಣಯದಲ್ಲಿ ಅವುಗಳನ್ನು ಸಾಮಾನ್ಯವಾಗಿ ಕುಂದು ಎಂದು ಪರಿಗಣಿಸಲಾಗುತ್ತದೆ.

ಶೆಲ್ಡನ್ ಮಾನ

ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ 1ರಿಂದ 70ರವರೆಗಿನ ಅಂಕಮಾನವನ್ನು ಅಮೆರಿಕದ ವಿಲಿಯಂ ಎಚ್. ಶೆಲ್ಡನ್ 1949ರಲ್ಲಿ ಪ್ರಕಟಿಸಿದರು. ಅವರು ಅದನ್ನು ತಮ್ಮ ದೇಶದ ಹಳೆಯ ತಾಮ್ರದ ಸೆಂಟ್ ನಾಣ್ಯಗಳಿಗಾಗಿ ರೂಪಿಸಿದ್ದರು. ಆರಂಭದಲ್ಲಿ ಅಂಕಕ್ಕೂ ಬೆಲೆಗೂ ನೇರ ಸಂಬಂಧವಿತ್ತು: 70 ಅಂಕದ ನಾಣ್ಯವು 1 ಅಂಕದ ನಾಣ್ಯದ ಎಪ್ಪತ್ತು ಪಟ್ಟು ಬೆಲೆಬಾಳುತ್ತದೆ ಎಂಬುದು ಅದರ ಆಧಾರ. ಮಾರುಕಟ್ಟೆ ಬದಲಾದಂತೆ ಈ ಲೆಕ್ಕ ಉಳಿಯಲಿಲ್ಲ. ಅಂಕಗಳು ಸ್ಥಿತಿಯ ಸೂಚಕಗಳಾಗಿ ಮಾತ್ರ ಉಳಿದವು. ಮುಖ್ಯ ದರ್ಜೆಗಳು ಹೀಗಿವೆ:

• ಗುಡ್ (4–6): ಬಹಳ ಸವೆದಿದೆ; ಹೊರರೇಖೆ ಮತ್ತು ಮುಖ್ಯ ಅಕ್ಷರಗಳು ಮಾತ್ರ ಕಾಣುತ್ತವೆ.
• ವೆರಿ ಗುಡ್ (8–10): ಒಟ್ಟು ಚಿತ್ರ ಸ್ಪಷ್ಟ, ಸೂಕ್ಷ್ಮ ವಿವರಗಳು ಅಳಿಸಿವೆ.
• ಫೈನ್ (12–15): ಸವೆತ ಎಲ್ಲೆಡೆ ಸಮನಾಗಿದೆ, ಬರಹ ಓದಬಹುದು.
• ವೆರಿ ಫೈನ್ (20–35): ಉಬ್ಬಿದ ಭಾಗಗಳಲ್ಲಿ ಮಿತವಾದ ಸವೆತ.
• ಎಕ್ಸ್‌ಟ್ರೀಮ್ಲಿ ಫೈನ್ (40–45): ಅತಿ ಎತ್ತರದ ಭಾಗಗಳಲ್ಲಿ ಮಾತ್ರ ಅಲ್ಪ ಸವೆತ.
• ಅಬೌಟ್ ಅನ್‌ಸರ್ಕ್ಯುಲೇಟೆಡ್ (50–58): ಚಲಾವಣೆಯ ಗುರುತು ಅತ್ಯಲ್ಪ.
• ಮಿಂಟ್ ಸ್ಟೇಟ್ (60–70): ಚಲಾವಣೆಯ ಸವೆತವೇ ಇಲ್ಲ, ಟಂಕಸಾಲೆಯ ಹೊಳಪು, ಗೀರು, ಅಚ್ಚಿನ ಗುಣಮಟ್ಟದ ಮೇಲೆ ಅಂಕ.

ಪ್ರೂಫ್ ಎಂಬುದು ದರ್ಜೆಯಲ್ಲ. ಅದು ಸಂಗ್ರಾಹಕರಿಗಾಗಿ ವಿಶೇಷವಾಗಿ ನಯಗೊಳಿಸಿದ ಅಚ್ಚುಗಳಿಂದ ತಯಾರಿಸುವ ವಿಧಾನ.

ಖಾಸಗಿ ದರ್ಜೆ ನಿರ್ಣಯ ಸಂಸ್ಥೆಗಳಲ್ಲಿ ಪಿಸಿಜಿಎಸ್ (1986) ಮತ್ತು ಎನ್‌ಜಿಸಿ (1987) ಪ್ರಮುಖವಾದವು. ಇಲ್ಲಿ ಪರೀಕ್ಷಕರು ನಾಣ್ಯವನ್ನು ಪರಿಶೀಲಿಸಿದ ನಂತರ, ಅಂಕವನ್ನು ನಮೂದಿಸಿ, ಸ್ಲ್ಯಾಬ್ ಎಂದು ಕರೆಯುವ ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಲಾಗುತ್ತದೆ. ಮಾರುವವನು ತನ್ನ ನಾಣ್ಯಕ್ಕೆ ತಾನೇ ದರ್ಜೆ ಕೊಟ್ಟುಕೊಳ್ಳುವುದನ್ನು ತಪ್ಪಿಸುವುದೇ ಈ ವ್ಯವಸ್ಥೆಯ ಉದ್ದೇಶ.

ಪರೀಕ್ಷೆಯ ವಿಧಾನ

ಮೊದಲ ಹಂತದಲ್ಲಿ ತೂಕ, ವ್ಯಾಸ ಮತ್ತು ಅಂಚನ್ನು ನೋಡಲಾಗುತ್ತದೆ. ಬ್ರಿಟಿಷ್ ಭಾರತದ ಬೆಳ್ಳಿ ರೂಪಾಯಿಯ ನಿಗದಿತ ತೂಕ 11.66 ಗ್ರಾಂ, 1939ರವರೆಗಿನ ರೂಪಾಯಿಗಳಲ್ಲಿ ಬೆಳ್ಳಿಯ ಪ್ರಮಾಣ ಶೇ. 91.7. ಸವೆತದಿಂದ ತೂಕ ಸ್ವಲ್ಪ ತಗ್ಗಬಹುದು; ಹೆಚ್ಚಿನ ವ್ಯತ್ಯಾಸವಿದ್ದರೆ ಸಂಶಯಪಡಬೇಕು. ಬೆಳ್ಳಿಯನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಎರಕ ಹೊಯ್ದ ನಕಲಿಯಲ್ಲಿ ಗಾಳಿಗುಳ್ಳೆಯ ಸಣ್ಣ ಕುಳಿಗಳು ಮತ್ತು ಅಂಚಿನ ಸುತ್ತ ಬೆಸುಗೆಯಂತಹ ಗೆರೆ ಕಾಣಬಹುದು. ಅನಂತರ ಭೂತಗನ್ನಡಿಯ ಕೆಳಗೆ ಉಬ್ಬಿದ ಭಾಗಗಳನ್ನು, ಅಂದರೆ ದೊರೆಯ ಕೆನ್ನೆ, ಕಿರೀಟ, ಕೂದಲು ಇತ್ಯಾದಿಗಳನ್ನು, ಪರಿಶೀಲಿಸಲಾಗುತ್ತದೆ.

ಕೈಯಿಂದ ಅಚ್ಚು ಹಾಕಿದ ಹಳೆಯ ನಾಣ್ಯಗಳಿಗೆ ಈ ಕ್ರಮ ಹಾಗೆಯೇ ಹೊಂದುವುದಿಲ್ಲ. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದರೆ ಬರಹದ ಒಂದು ಭಾಗ ಮೂಡುವುದೇ ಇಲ್ಲ. ಆದ್ದರಿಂದ ಅಚ್ಚು ನಡುವೆ ಬಿದ್ದಿದೆಯೇ, ಟಂಕಸಾಲೆಯ ಹೆಸರೂ ವರ್ಷವೂ ಓದಲು ಬರುತ್ತವೆಯೇ ಎಂಬುದನ್ನು ಸವೆತದಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ.

ಶುಚಿಗೊಳಿಸುವುದರಿಂದ ಆಗುವ ಹಾನಿ

ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಬೆಳ್ಳಿ ರೂಪಾಯಿಗಳನ್ನು ಇಡುವ ರೂಢಿಯಿದೆ. ಪೂಜೆಗೆ ಮುನ್ನ ಅವುಗಳನ್ನು ಹುಣಸೆಹಣ್ಣಿನಿಂದಲೋ ಬೂದಿಯಿಂದಲೋ ತಿಕ್ಕಿ ಬೆಳಗುವುದುಂಟು. ಹುಳಿಯು ಲೋಹದ ಮೇಲ್ಪದರವನ್ನು ತಿನ್ನುತ್ತದೆ. ಬೂದಿಯು ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಮೂಡಿಸುತ್ತದೆ. ಕಾಲಕ್ರಮದಲ್ಲಿ ಸಹಜವಾಗಿ ಬಂದ ಕಪ್ಪು ಛಾಯೆಯು ಕೊಳೆಯಲ್ಲ, ಅದು ನಾಣ್ಯವನ್ನು ತಿಕ್ಕಿಲ್ಲ ಎಂಬುದಕ್ಕೆ ಒಂದು ಸಾಕ್ಷಿ. ತೀವ್ರವಾಗಿ ಶುಚಿಗೊಳಿಸಿದ ನಾಣ್ಯಕ್ಕೆ ಸಂಸ್ಥೆಗಳು ಅಂಕ ಕೊಡದೆ, 'ಶುಚಿಗೊಳಿಸಲಾಗಿದೆ' ಎಂದು ನಮೂದಿಸುತ್ತವೆ. ಒಮ್ಮೆ ಹೋದ ಮೇಲ್ಪದರವನ್ನು ಮರಳಿ ಪಡೆಯಲಾಗದು. ಪುತಳಿ ಸರದಂತಹ ಆಭರಣಗಳಿಗಾಗಿ ಕೊಂಡಿ ಬೆಸೆದ ಅಥವಾ ತೂತು ಕೊರೆದ ನಾಣ್ಯಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಕುಟುಂಬಕ್ಕೆ ಅವುಗಳ ಬೆಲೆ ಬೇರೆ, ಸಂಗ್ರಾಹಕನಿಗೆ ಬೇರೆ.

ಮೌಲ್ಯವನ್ನು ನಿರ್ಧರಿಸುವ ಅಂಶಗಳು

ಹಳೆಯದೆಲ್ಲವೂ ಬೆಲೆಬಾಳುವುದಿಲ್ಲ. ಐದನೆಯ ಜಾರ್ಜ್ ದೊರೆಯ 1911 ಮತ್ತು 1918ರ ರೂಪಾಯಿಗಳು ಇದಕ್ಕೆ ಉತ್ತಮ ನಿದರ್ಶನ. ಎರಡರಲ್ಲೂ ಇರುವ ಬೆಳ್ಳಿ ಸುಮಾರು 10.7 ಗ್ರಾಂ. 1911ರ ನಾಣ್ಯದಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಗಿಡ್ಡವಾಗಿ ಮೂಡಿ, ಅದು ಹಂದಿಯಂತೆ ಕಾಣುತ್ತದೆ ಎಂಬ ಆಕ್ಷೇಪ ಬಂದಿತು. ಆ ನಾಣ್ಯಗಳ ವಿತರಣೆ ನಿಂತು, 1912ರಲ್ಲಿ ಚಿತ್ರವನ್ನು ತಿದ್ದಲಾಯಿತು. 1918ರ ರೂಪಾಯಿಯಾದರೋ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಹೊರಬಂದಿತು. ಹೀಗಾಗಿ ಸಾಕಷ್ಟು ಸವೆದ 1911ರ ನಾಣ್ಯವೂ ಅದಕ್ಕಿಂತ ಉತ್ತಮ ದರ್ಜೆಯ 1918ರ ನಾಣ್ಯಕ್ಕಿಂತ ಹೆಚ್ಚು ಬೆಲೆ ಪಡೆಯಬಲ್ಲದು. 1939ರ ಬೆಳ್ಳಿ ರೂಪಾಯಿ ಇನ್ನೂ ಅಪರೂಪ. ಆದ್ದರಿಂದಲೇ 1938ರ ನಾಣ್ಯದ ಕೊನೆಯ ಅಂಕಿಯನ್ನು ತಿದ್ದಿ ಮಾರುವ ವಂಚನೆಯೂ ನಡೆಯುತ್ತದೆ.

ಸ್ವತಂತ್ರ ಭಾರತದ ನಾಣ್ಯಗಳಲ್ಲಿ ವರ್ಷದ ಕೆಳಗಿನ ಟಂಕಸಾಲೆಯ ಗುರುತನ್ನು ಗಮನಿಸಬೇಕು: ಮುಂಬಯಿಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕೆ, ಕೋಲ್ಕತ್ತಕ್ಕೆ ಗುರುತಿಲ್ಲ. ಒಂದೇ ವರ್ಷದ ನಾಣ್ಯವು ಒಂದು ಟಂಕಸಾಲೆಯಿಂದ ಹೇರಳವಾಗಿಯೂ ಇನ್ನೊಂದರಿಂದ ವಿರಳವಾಗಿಯೂ ಬಂದಿರಬಹುದು.

ಬೆಳಗಾವಿ ಪ್ರದೇಶ

ಖಾನಾಪುರ ತಾಲೂಕಿನ ಹಲಸಿಯು ಗೋವೆಯ ಕದಂಬರ ಪ್ರಮುಖ ನೆಲೆಗಳಲ್ಲಿ ಒಂದು. ಸಿಂಹಲಾಂಛನವುಳ್ಳ ಅವರ ಚಿನ್ನದ ಗದ್ಯಾಣಗಳ ಮೇಲೆ ಕುಲದೈವ ಸಪ್ತಕೋಟೀಶ್ವರನ ಹೆಸರಿರುವ ನಾಗರಿ ಬರಹವಿದೆ. ಇಂತಹ ನಾಣ್ಯಗಳ ಬೆಲೆಯನ್ನು ಬಂಗಾರದ ತೂಕದಿಂದ ಅಳೆಯಲಾಗದು. ದೊರೆಯ ಹೆಸರು ಓದಲು ಸಿಕ್ಕುವುದೇ ಅವುಗಳ ಮೌಲ್ಯದ ತಿರುಳು.

ಈ ಭಾಗದ ನಾಣ್ಯಗಳ ಅಧ್ಯಯನಕ್ಕೂ ಕಾಕತಿಯಲ್ಲಿ ಜನಿಸಿದ ರಾಣಿ ಚೆನ್ನಮ್ಮನ ಇತಿಹಾಸಕ್ಕೂ ಒಂದು ನಂಟಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮೊದಲ ಯುದ್ಧದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದಾಗ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಬಿಡುಗಡೆಯ ನಂತರ ಶಾಸನ ಮತ್ತು ನಾಣ್ಯಗಳ ಸಂಗ್ರಹದಲ್ಲಿ ತೊಡಗಿದ ಆತ, 1886ರಲ್ಲಿ ದಕ್ಷಿಣ ಭಾರತದ ನಾಣ್ಯಗಳ ಕುರಿತ ಗ್ರಂಥವನ್ನು ಪ್ರಕಟಿಸಿದ. ಕದಂಬರ ನಾಣ್ಯಗಳನ್ನು ಗುರುತಿಸುವ ಆರಂಭಿಕ ಪ್ರಯತ್ನಗಳಲ್ಲಿ ಅದೂ ಒಂದು.

ಕಾನೂನು

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷಕ್ಕೂ ಹಳೆಯ ನಾಣ್ಯಗಳು ಪುರಾವಸ್ತುಗಳು. ಖಾಸಗಿ ವ್ಯಕ್ತಿಗಳು ಅವುಗಳನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ನೆಲದಲ್ಲಿ ಹೂತ ನಾಣ್ಯಗಳು ದೊರೆತರೆ ಅವು ನಿಧಿ ಎನಿಸುತ್ತವೆ. ಅವುಗಳ ವಿಷಯವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಧಿಯನ್ನು ಹಂಚಿಕೊಂಡು ಕರಗಿಸಿದಾಗ ಲೋಹ ಉಳಿದರೂ, ಯಾವ ನಾಣ್ಯ ಯಾವುದರ ಜೊತೆ ಎಲ್ಲಿತ್ತು ಎಂಬ ಐತಿಹಾಸಿಕ ಮಾಹಿತಿ ನಾಶವಾಗುತ್ತದೆ.

ವಂಚನೆಗಳು

ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡುವುದಾಗಿ ನಂಬಿಸಿ, ಮುಂಗಡವಾಗಿ ತೆರಿಗೆ ಅಥವಾ ಕಮಿಷನ್ ಕೇಳುವ ಜಾಲಗಳಿವೆ. ಭಾರತೀಯ ರಿಸರ್ವ್ ಬ್ಯಾಂಕಿನ ಹೆಸರನ್ನೂ ಇದಕ್ಕೆ ಬಳಸಿಕೊಂಡ ಕಾರಣ, ತಾನು ಇಂತಹ ವ್ಯವಹಾರ ನಡೆಸುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ಬ್ಯಾಂಕು 2021ರ ಆಗಸ್ಟ್ 4ರಂದು ಎಚ್ಚರಿಸಿತು. ವೈಷ್ಣೋದೇವಿಯ ಚಿತ್ರವಿರುವ 2012ರ 5 ಮತ್ತು 10 ರೂಪಾಯಿಗಳ ನಾಣ್ಯಗಳ ಬಗ್ಗೆ ಇಂತಹ ವದಂತಿಗಳು ಹೆಚ್ಚು. ಅವು ಚಲಾವಣೆಗೆ ಬಂದ ಸಾಮಾನ್ಯ ನಾಣ್ಯಗಳು. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡುವುದು, ಒಬ್ಬರಿಗಿಂತ ಹೆಚ್ಚು ಪರಿಣತರ ಅಭಿಪ್ರಾಯ ಪಡೆಯುವುದು ಮತ್ತು ಮಾರುವವನಿಂದಲೇ ಹಣ ಕೇಳುವ ಕೊಳ್ಳುಗನನ್ನು ದೂರವಿಡುವುದು ಸುರಕ್ಷಿತ ಕ್ರಮಗಳು.