ನಂಬಿಕೆಯೋ ಸಾಲವೋ? ‘ಕ್ರೇದೋ’ ಎಂಬ ಲ್ಯಾಟಿನ್ ಕ್ರಿಯಾಪದದ ಕಥೆ

‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆಯನ್ನು ಅಂಗಡಿಗಳಲ್ಲಿ ನೀವು ನೋಡಿರಬಹುದು. ಈ ಉದ್ರಿಗೆ ಇಂಗ್ಲಿಷಿನಲ್ಲಿ ‘ಕ್ರೆಡಿಟ್’ ಎನ್ನುತ್ತಾರಷ್ಟೆ. ಆ ಪದದ ಮೂಲವನ್ನು ಹುಡುಕುತ್ತಾ ಹೋದರೆ ನಾವು ಪ್ರಾಚೀನ ರೋಮ್ ನಗರವನ್ನು ತಲುಪುತ್ತೇವೆ. ಅಲ್ಲಿನ ಲ್ಯಾಟಿನ್ ಭಾಷೆಯಲ್ಲಿ ‘ಕ್ರೇದೋ’ ಎಂಬ ಕ್ರಿಯಾಪದವಿತ್ತು. ಅದಕ್ಕೆ ‘ನಂಬುತ್ತೇನೆ’ ಎಂಬ ಅರ್ಥವೂ ಇತ್ತು, ‘ಸಾಲ ಕೊಡುತ್ತೇನೆ’ ಎಂಬ ಅರ್ಥವೂ ಇತ್ತು.

ಲ್ಯಾಟಿನ್ ನಿಘಂಟುಗಳಲ್ಲಿ ಕ್ರಿಯಾಪದಕ್ಕೆ ನಾಲ್ಕು ರೂಪಗಳನ್ನು ಕೊಡುವುದು ವಾಡಿಕೆ. ಇದರ ರೂಪಗಳು ಕ್ರೇದೋ, ಕ್ರೇದೆರೆ, ಕ್ರೇದಿದೀ, ಕ್ರೇದಿತುಂ. ಮೊದಲನೆಯದು ‘ನಂಬುತ್ತೇನೆ’, ಎರಡನೆಯದು ‘ನಂಬುವುದು’, ಮೂರನೆಯದು ‘ನಂಬಿದೆನು’. ನಾಲ್ಕನೆಯ ರೂಪವೇ ನಾಮಪದವಾಗಿ ‘ನಂಬಿ ಕೊಟ್ಟದ್ದು’, ಅಂದರೆ ಸಾಲ ಎಂದಾಯಿತು. ಕ್ರೆಡಿಟ್ ಹುಟ್ಟಿದ್ದು ಅದರಿಂದ. ಇಲ್ಲೊಂದು ಸ್ವಾರಸ್ಯವನ್ನು ಗಮನಿಸಿ. ಕನ್ನಡದಲ್ಲಿ ನಾವು ‘ಅವನನ್ನು’ ನಂಬುತ್ತೇವೆ, ‘ಅವನಿಗೆ’ ಸಾಲ ಕೊಡುತ್ತೇವೆ. ಲ್ಯಾಟಿನ್ನಿನಲ್ಲಿ ಎರಡಕ್ಕೂ ಚತುರ್ಥಿ ವಿಭಕ್ತಿಯೇ. ರೋಮನ್ನನು ‘ಅವನಿಗೆ’ ನಂಬುತ್ತಿದ್ದನು! ನಂಬಿಕೆಯೂ ಹಣದಂತೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ವಸ್ತುವಾಗಿತ್ತು.

ಆದರೆ ಈ ನಂಬಿಕೆಗೆ ಕಠೋರವಾದ ಮುಖವೂ ಇತ್ತು. ಕ್ರಿ.ಪೂ. 451-450ರಲ್ಲಿ ರಚಿತವಾದ ‘ಹನ್ನೆರಡು ಫಲಕಗಳ’ ಕಾನೂನಿನ ಪ್ರಕಾರ, ತೀರ್ಪಾದ ಮೇಲೆ ಸಾಲಗಾರನಿಗೆ 30 ದಿನಗಳ ಅವಕಾಶ. ಅಷ್ಟರಲ್ಲಿ ತೀರಿಸದಿದ್ದರೆ ಸಾಲ ಕೊಟ್ಟವನು ಅವನನ್ನು 60 ದಿನ ಬಂಧನದಲ್ಲಿಡಬಹುದಾಗಿತ್ತು. ಕೊನೆಗೂ ಹಣ ಬಾರದಿದ್ದರೆ ಟೈಬರ್ ನದಿಯಾಚೆ ಅವನನ್ನು ಗುಲಾಮನಾಗಿ ಮಾರಬಹುದಾಗಿತ್ತು. ಕ್ರಿ.ಪೂ. 326ರಲ್ಲಿ ಜನ ಇದರ ವಿರುದ್ಧ ಸಿಡಿದೆದ್ದರೆಂದು, ಸುಮಾರು ಮುನ್ನೂರು ವರ್ಷಗಳ ತರುವಾಯ ಬರೆದ ಇತಿಹಾಸಕಾರ ಲಿವಿ ತಿಳಿಸುತ್ತಾನೆ. ತಂದೆಯ ಸಾಲಕ್ಕಾಗಿ ಒತ್ತೆಯಾಳಾಗಿದ್ದ ತರುಣನೊಬ್ಬ, ಧಣಿಯ ಏಟಿನ ಬಾಸುಂಡೆಗಳೊಡನೆ ಬೀದಿಗೆ ಓಡಿಬಂದನಂತೆ. ಗುಂಪುಗೂಡಿದ ಜನರು ಆಡಳಿತ ಸಭೆಯ ಬಾಗಿಲಿಗೆ ನುಗ್ಗಿದರು. ಆಗ ಬಂದ ಪೊಯೆತೇಲಿಯ ಕಾನೂನು, ಸಾಲಕ್ಕೆ ಸಾಲಗಾರನ ಆಸ್ತಿ ಹೊಣೆಯೇ ಹೊರತು ಅವನ ದೇಹವಲ್ಲ ಎಂದು ಸಾರಿತು. ಸಾಲದ ಹಣಕ್ಕೆ ಆ ಕಾನೂನಿನ ಭಾಷೆಯಲ್ಲಿದ್ದ ಹೆಸರು ‘ಪೆಕೂನಿಯಾ ಕ್ರೇದಿತಾ’, ಅಕ್ಷರಶಃ ‘ನಂಬಿ ಕೊಟ್ಟ ಹಣ’. ಸಾಲಗಾರರನ್ನು ಹಿಡಿದಿಡುವ ಪದ್ಧತಿ ಆ ಮೇಲೂ ಪೂರ್ತಿ ಅಳಿಯಲಿಲ್ಲವೆಂಬುದು ಬೇರೆ ಮಾತು.

ಮುಂದೆ ಕ್ರೈಸ್ತರ ಪ್ರಾರ್ಥನೆಯಲ್ಲಿ ‘ಕ್ರೇದೋ’ ಎಂಬುದೇ ಧರ್ಮವಿಶ್ವಾಸದ ಘೋಷಣೆಗೆ ಹೆಸರಾಯಿತು.

ಇನ್ನು ಇದರ ಮೂಲಕ್ಕೆ ಬರೋಣ. ‘ಕ್ರೇದೋ’ ನಮ್ಮ ‘ಶ್ರದ್ಧೆ’ಯ ಒಡಹುಟ್ಟು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಸಂಸ್ಕೃತದ ‘ಶ’ಕಾರಕ್ಕೆ ಎದುರಾಗಿ ಲ್ಯಾಟಿನ್ನಿನಲ್ಲಿ ‘ಕ’ಕಾರ ಬರುತ್ತದೆ: ಶತ–ಕೆಂತುಂ, ದಶ–ದೆಕೆಂ. ಪದದ ಒಳಗಿನ ‘ಧ’ ಅಲ್ಲಿ ‘ದ’ ಆಗುತ್ತದೆ: ಮಧ್ಯ–ಮೆದಿಯುಸ್, ವಿಧವಾ–ವಿದುವಾ. ಹೀಗೆ ‘ಶ್ರತ್’ ಮತ್ತು ‘ಇಡು’ ಎಂಬರ್ಥದ ‘ಧಾ’ ಧಾತು ಸೇರಿ ಇಲ್ಲಿ ‘ಶ್ರದ್ಧಾ’ ಆಯಿತು, ಅಲ್ಲಿ ‘ಕ್ರೇದೋ’ ಆಯಿತು. ಋಗ್ವೇದದಲ್ಲಿಯೂ ಇದು ಚತುರ್ಥಿ ವಿಭಕ್ತಿಯೊಡನೆಯೇ ಬರುತ್ತದೆ! ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯಲ್ಲಿಯೂ ದೂರದ ಐರ್ಲೆಂಡಿನಲ್ಲಿಯೂ ಇದರ ಬಂಧುಗಳಿವೆ. 1816ರಲ್ಲಿ ಜರ್ಮನಿಯ ಫ್ರಾಂಜ್ ಬಾಪ್ ಸಂಸ್ಕೃತ, ಲ್ಯಾಟಿನ್ ಮುಂತಾದ ಭಾಷೆಗಳ ಕ್ರಿಯಾರೂಪಗಳನ್ನೇ ಹೋಲಿಸಿ ಪುಸ್ತಕ ಪ್ರಕಟಿಸಿದ ಮೇಲೆ ಇಂಥ ಅಧ್ಯಯನಕ್ಕೆ ಭದ್ರವಾದ ತಳಹದಿ ಸಿಕ್ಕಿತು.

‘ಧಾ’ ಎಂದರೆ ಇಡು, ಸರಿ. ಆದರೆ ಇಟ್ಟದ್ದೇನು? ಹೃದಯವನ್ನು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಲ್ಯಾಟಿನ್ನಿನ ‘ಕೋರ್’, ಗ್ರೀಕಿನ ‘ಕಾರ್ದಿಯಾ’ ಅವರಿಗೆ ಆಧಾರ. ಫ್ರಾನ್ಸಿನ ಎಮಿಲ್ ಬಾಂವೆನಿಸ್ತ್ ತಮ್ಮ 1969ರ ಗ್ರಂಥದಲ್ಲಿ ಇದನ್ನು ಒಪ್ಪಲಿಲ್ಲ. ಹೃದಯಕ್ಕೆ ಸಂಸ್ಕೃತದಲ್ಲಿ ‘ಹೃತ್’ ಎಂಬ ಪದವಿರುವಾಗ ‘ಶ್ರತ್’ ಏಕೆ ಬೇಕು? ಅವರ ಅಭಿಪ್ರಾಯದಲ್ಲಿ ಅದು ದೇವರಲ್ಲಿ ಅಥವಾ ಮನುಷ್ಯನಲ್ಲಿ ಇಡುವ ಒಂದು ಬಗೆಯ ಒತ್ತೆ. ಪ್ರತಿಫಲ ಹಿಂದಿರುಗಿ ಬರುತ್ತದೆಂದು ನಂಬಿ ಇಟ್ಟದ್ದು. ಹಾಗಾದರೆ ಸಾಲದ ಅರ್ಥ ಆಮೇಲೆ ಅಂಟಿಕೊಂಡದ್ದಲ್ಲ, ಮೊದಲಿನಿಂದಲೂ ಒಳಗೇ ಇತ್ತು ಎಂದಾಗುತ್ತದೆ. ರೋಮಿನ ಕಥೆಯನ್ನು ಓದಿದ ಮೇಲೆ ನನಗೆ ಈ ವಾದವೇ ಹೆಚ್ಚು ಸಮಂಜಸವೆನಿಸುತ್ತದೆ. ಆದರೆ ಚರ್ಚೆ ಮುಗಿದಿಲ್ಲ.

ನಮ್ಮ ‘ನಂಬು’ ಈ ವಂಶಕ್ಕೆ ಸೇರಿದ್ದಲ್ಲ, ಅದು ದ್ರಾವಿಡ ಪದ. ಶ್ರದ್ಧೆ ಸಂಸ್ಕೃತದಿಂದ ಬಂದು ಕನ್ನಡದಲ್ಲಿ ಬೇರೆಯೇ ದಾರಿ ಹಿಡಿಯಿತು. ‘ಶ್ರದ್ಧೆಯಿಂದ ಓದು’ ಎಂದು ನಿಮ್ಮ ಮೇಷ್ಟರು ಹೇಳುವಾಗ ಅವರು ಕೇಳುವುದು ನಂಬಿಕೆಯನ್ನಲ್ಲ, ಮನಸ್ಸಿಟ್ಟು ಮಾಡುವ ಕೆಲಸವನ್ನು.