ಅಜ್ಜಿಯ ಟ್ರಂಕಿನಲ್ಲಿದ್ದ ಸತ್ಯವೇದ



ಕಳೆದ ತಿಂಗಳ ಯೌವನಸ್ಥರ ಕೂಟಕ್ಕೆ "ಮನೆಯಲ್ಲಿರುವ ಹಳೇ ವಸ್ತು ಒಂದೊಂದು ತನ್ನಿ" ಎಂದು ಹೇಳಿದ್ದೆವು. ನಾಲ್ಕೈದು ಬಂದರೆ ಹೆಚ್ಚು ಅಂದುಕೊಂಡಿದ್ದೆ, ಮೇಜು ತುಂಬಿಹೋಯಿತು. ಲಾಟೀನು, ಕೀ ಕೊಡುವ ಎಚ್‌ಎಂಟಿ ವಾಚು, ನಡುವೆ ತೂತಿರುವ ಒಂದು ಪೈಸೆ. ಆ ತೂತು ಪೈಸೆ ಎಲ್ಲರ ಕೈ ಸುತ್ತಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲು 1943ರಿಂದ ಹಾಗೆ ಅಚ್ಚು ಹಾಕಿದ್ದರು. ಆಗ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ. ರೂಪಾಯಿಗೆ 100 ನಯಾಪೈಸೆ ಆದದ್ದು 1957ರ ಏಪ್ರಿಲ್ 1ರಿಂದ.

ಮಡಕಶಿರ ಕಡೆಯಿಂದ ಮದುವೆಯಾಗಿ ಬಂದ ಅಕ್ಕ ಒಬ್ಬರು ಹಿತ್ತಾಳೆಯ ಪಾವು ತಂದಿದ್ದರು. ಪಾವು ಅಂದರೆ ಸೇರಿನ ಕಾಲು ಭಾಗ. 1958ರಿಂದ ಹಂತಹಂತವಾಗಿ ಕಿಲೋ, ಲೀಟರು ಬಂದ ಮೇಲೆ ಅಂಗಡಿಯಲ್ಲಿ ಅದಕ್ಕೆ ಕೆಲಸ ಇಲ್ಲ, ಆದರೆ ಅವರ ತವರಿನಲ್ಲಿ ಇಂದಿಗೂ ಅನ್ನಕ್ಕೆ ಅದೇ ಅಳತೆ. ಹಿಟ್ಟು ಕಲಸುವ ಮುಂಚೆ ದೇವರಿಗೆಂದು ಒಂದು ಹಿಡಿ ತೆಗೆದಿಡುತ್ತಿದ್ದರಂತೆ. ಹಿಡಿ ಅಕ್ಕಿ ಅಲ್ಲ, ಹಿಡಿ ರಾಗಿ. ಶನಿವಾರ ಅದನ್ನು ಈ ಪಾವಿನಲ್ಲೇ ಅಳೆದು ಭಾನುವಾರ ಸಭೆಗೆ ಒಯ್ಯುತ್ತಿದ್ದರು.

ನಾನು ತಂದದ್ದು ಅಜ್ಜಿಯ ಟ್ರಂಕಿನಲ್ಲಿದ್ದ ಕನ್ನಡ ಸತ್ಯವೇದ. ರಟ್ಟು ಕಿತ್ತುಹೋಗಿದೆ, ಬೆನ್ನಿಗೆ ಯಾರೋ ಸೀರೆಯ ಅಂಚು ಹೊಲಿದಿದ್ದಾರೆ. ಅದರ ಮೊದಲ ಖಾಲಿ ಹಾಳೆಗಳಲ್ಲಿ ನಮ್ಮ ಮನೆತನದ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಎಲ್ಲವೂ ಬರೆದಿದೆ. ಬರೆಯಲು ಶುರು ಮಾಡಿದವರು ನನ್ನ ಮುತ್ತಜ್ಜನ ತಂದೆ. ಹೆರಿಗೆ ಮನೆಯಲ್ಲೇ ಆಗುತ್ತಿದ್ದ ಕಾಲ. ದೇಶಕ್ಕೆಲ್ಲ ಒಂದೇ ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ನಮ್ಮ ತಾತನ ತಾರೀಖಿಗೆ ಈ ಹಾಳೆ ಬಿಟ್ಟರೆ ಬೇರೆ ಸಾಕ್ಷಿ ಮನೆಯಲ್ಲಿಲ್ಲ.

ಒಂದು ಕಡೆ 1918ರ ಅಕ್ಟೋಬರ್ ಎಂದಿದೆ. ಒಂದೇ ವಾರದಲ್ಲಿ ಎರಡು ಹೆಸರು, ಮುಂದೆ "ಜ್ವರ" ಎಂಬ ಒಂದೇ ಮಾತು. ಕೊರೊನಾ ಬಂದಾಗ ನಾವೆಲ್ಲ ಇಂಥದ್ದು ಕಂಡೇ ಇಲ್ಲ ಅನ್ನುತ್ತಿದ್ದೆವಲ್ಲ, ಆ ವರ್ಷದ ಇನ್‌ಫ್ಲುಯೆಂಜಾದಲ್ಲಿ ಭಾರತದಲ್ಲೇ ಒಂದು ಕೋಟಿಗೂ ಹೆಚ್ಚು ಜನ ತೀರಿಕೊಂಡರು. ನಮ್ಮ ಮನೆಯಲ್ಲೂ ಇಬ್ಬರು ಹೋಗಿದ್ದರು ಅನ್ನುವುದು ಅಪ್ಪನಿಗೂ ಗೊತ್ತಿರಲಿಲ್ಲ.

ಇನ್ನೊಂದು ಪುಟ ನೋಡಿ ನನಗೆ ನಗು ಬಂತು. 1941ರಲ್ಲಿ ಹುಟ್ಟಿದ ತಾತನ ಹೆಸರಿನ ಮುಂದೆ "ರಾಯದುರ್ಗ, ಬಳ್ಳಾರಿ ಜಿಲ್ಲೆ" ಎಂದಿದೆ. 1954ರಲ್ಲಿ ಹುಟ್ಟಿದ ಅವರ ತಂಗಿಯ ಮುಂದೆ "ರಾಯದುರ್ಗ, ಆಂಧ್ರ ರಾಜ್ಯ". ಮನೆ ಅದೇ, ಸೂಲಗಿತ್ತಿಯೂ ಅದೇ ಅಂತೆ. ನಡುವೆ 1953ರ ಅಕ್ಟೋಬರ್ 1 ಬಂದು ಹೋಗಿತ್ತು. ಅಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಮೈಸೂರಿಗೆ ಹೋಯಿತು, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಮಡಕಶಿರದವರು ಬಳ್ಳಾರಿ ಜಿಲ್ಲೆ ಬಿಟ್ಟು ಬಹಳ ಹಿಂದೆಯೇ ಆಯಿತು, 1882ರಲ್ಲಿ ಅನಂತಪುರ ಜಿಲ್ಲೆ ಮಾಡಿದಾಗ. ಈಗ 2022ರಿಂದ ಅವರದು ಶ್ರೀ ಸತ್ಯಸಾಯಿ ಜಿಲ್ಲೆ. ಊರು ಕದಲಲಿಲ್ಲ, ವಿಳಾಸ ಮಾತ್ರ ಬದಲಾಗುತ್ತಲೇ ಇದೆ.

ಈ ಪುಸ್ತಕದ ಮಾತು ಕನ್ನಡಕ್ಕೆ ಬಂದದ್ದೂ ಅದೇ ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಕನ್ನಡ ಕಲಿತರು. ಪೂರ್ತಿ ಸತ್ಯವೇದ ಕನ್ನಡದಲ್ಲಿ ಸಿದ್ಧವಾಗಿ ಅಚ್ಚಾಗುವಷ್ಟರಲ್ಲಿ 1831 ಆಗಿತ್ತು. ಇಪ್ಪತ್ತು ವರ್ಷ! ನಾವು ಒಂದು ಕ್ರಿಸ್ಮಸ್ ನಾಟಕ ಬರೆಯಲು ಎರಡು ತಿಂಗಳು ಸಾಲದು ಅನ್ನುತ್ತೇವೆ. ಅವರ ಜೊತೆಗಿದ್ದ ವಿಲಿಯಂ ರೀವ್ ಕನ್ನಡ ಇಂಗ್ಲಿಷ್ ನಿಘಂಟುಗಳನ್ನು ಮಾಡಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಶುರುವಾಗಿ, ಮರುವರ್ಷ ಬಳ್ಳಾರಿಯ ಮಿಷನ್ ಪ್ರೆಸ್ಸಿಗೇ ಬಂತು. ಆಗ ರಾಯದುರ್ಗವೂ ಮಡಕಶಿರವೂ ಬಳ್ಳಾರಿ ಜಿಲ್ಲೆಯವೇ.

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಹೋದ ವರ್ಷ ಸುಣ್ಣ ಹೊಡೆಸುವಾಗ ಅದೇ ಟ್ರಂಕಿನಿಂದ ಒಂದು ಚೀಲ ಹಳೇ ಕಾಗದ ಗುಜರಿಗೆ ಹಾಕಿದವನು ನಾನೇ. ಅದರಲ್ಲಿ ತಾತನ ಕೀರ್ತನೆ ಪುಸ್ತಕವೂ ಇತ್ತು, ಯಾವ ಹಾಡು ಯಾರ ಮದುವೆಯಲ್ಲಿ ಹಾಡಿದ್ದು ಎಂದು ಅವರು ಪಕ್ಕದಲ್ಲಿ ಬರೆದಿಡುತ್ತಿದ್ದರಂತೆ. ಅಜ್ಜಿ ಬೈಯಲಿಲ್ಲ. ಎರಡು ದಿನ ಮಾತಾಡಲಿಲ್ಲ ಅಷ್ಟೇ. ನಾನು ಓದಿದ್ದು ತೆಲುಗು ಮೀಡಿಯಂ, ಆ ಬರಹ ಬೇಗ ಓದಲು ಬಾರದು, ಹಾಗಾಗಿ ಬೆಲೆಯೂ ತಿಳಿಯಲಿಲ್ಲ. ನಮ್ಮಲ್ಲಿ ಅರ್ಧ ಜನರ ಕಥೆ ಇದೇ ಇರಬಹುದು.

ಬಿ.ಎಸ್ಸಿ. ಓದಿದ್ದಕ್ಕೆ ಎರಡು ಮಾತು. ಮರದ ತಿರುಳಿನ ಹಳೇ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ ಪುಡಿಯಾಗುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ತೊಳೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ತೇವ ತಾಗದ ಕಡೆ ಇಡಿ, ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಪಾವು, ನಾಣ್ಯಗಳನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಮುದ್ರೆ ಸವೆದುಹೋಗುತ್ತದೆ. ಮುಖ್ಯವಾಗಿ, ಇದು ಯಾರದು, ಎಲ್ಲಿಂದ ಬಂತು ಎಂದು ಅಜ್ಜಿ ತಾತ ಇರುವಾಗಲೇ ಕೇಳಿ ಬರೆದಿಡಿ.

ನಮ್ಮ ಹಾಳೆಯಲ್ಲಿ ಕೊನೆಯ ಎರಡು ಸಾಲು ಅಮ್ಮ ಬರೆದದ್ದು, ತೆಲುಗಿನಲ್ಲಿ. ಒಂದು ಅವರ ಮದುವೆ, ಇನ್ನೊಂದು ನಾನು ಹುಟ್ಟಿದ್ದು. ತಂಗಿಯ ಹೆಸರು ಇರಲೇ ಇಲ್ಲ, ಆಗ ಪುಸ್ತಕ ಟ್ರಂಕು ಸೇರಿತ್ತು. ಕೂಟ ಮುಗಿದ ರಾತ್ರಿ ಅಜ್ಜಿ ಅವಳ ಕೈಗೆ ಪೆನ್ಸಿಲ್ ಕೊಟ್ಟು ಪಕ್ಕದಲ್ಲಿ ಕೂತರು. ಅವಳು ಒಂದೊಂದೇ ಅಕ್ಷರ ಕೇಳಿಕೊಂಡು ತನ್ನ ಹೆಸರು ಬರೆದಳು. ಅಕ್ಷರ ಕನ್ನಡದ್ದು, ತಲೆಕಟ್ಟು ಮಾತ್ರ ಪೂರ್ತಿ ತೆಲುಗಿನದು. ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಇರಲಿ ಬಿಡು, ಅಳಿಸಬೇಡ" ಅಂದರು.