ಗ್ಯಾರೇಜಿನ ಮೇಲಿನ ಕೋಣೆ

ಅಮೆರಿಕಕ್ಕೆ ಎಂ.ಎಸ್. ಮಾಡೋಕೆ ಹೋದ ಗೆಳೆಯರಿದ್ದರೆ ಕೇಳಿ ನೋಡಿ. ಕ್ಯಾಂಪಸ್ ಮೆಸ್ಸಿನಲ್ಲಿ ತಟ್ಟೆ ತೊಳೆದದ್ದು, ಹಾಸ್ಟೆಲ್ ಫ್ರಂಟ್ ಡೆಸ್ಕಿನಲ್ಲಿ ರಾತ್ರಿಯೆಲ್ಲಾ ಕೂತದ್ದು, ಇಂಥ ಒಂದಾದರೂ ಕಥೆ ಇರುತ್ತೆ. ಊರಲ್ಲಿ ಅಪ್ಪ ಅಮ್ಮನಿಗೆ ಮಾತ್ರ ಹೇಳಿರೋಲ್ಲ.

1927ರಲ್ಲಿ ಟೆಕ್ಸಸ್‌ನ ಸ್ಯಾನ್ ಮಾರ್ಕೋಸ್‌ನಲ್ಲಿ ಕಾಲೇಜು ಸೇರಿದ ಲಿಂಡನ್ ಜಾನ್ಸನ್ ಕೂಡ ಇದೇ ಜಾತಿಯವನು. ನೆಲ ಗುಡಿಸಿದ, ಕಾಲುಚೀಲ ಮಾರಿದ. ಇದ್ದದ್ದು ಕಾಲೇಜಿನ ಮುಖ್ಯಸ್ಥರ ಗ್ಯಾರೇಜಿನ ಮೇಲಿನ ಪುಟ್ಟ ಕೋಣೆಯಲ್ಲಿ, ಸ್ನಾನ ಜಿಮ್ನೇಷಿಯಮ್ಮಿನಲ್ಲಿ. ಅಲ್ಲೊಬ್ಬ ವಾಸವಿದ್ದಾನೆ ಅಂತ ಲೆಕ್ಕದವರಿಗೆ ಗೊತ್ತಾಗಿ ಬಿಲ್ಲು ಬರೋ ಹೊತ್ತಿಗೆ ಮೂರು ವರ್ಷ ಆಗಿತ್ತಂತೆ!

1935ರಲ್ಲಿ, ಆರ್ಥಿಕ ಕುಸಿತದ ನಡುವೆ, ರೂಸ್ವೆಲ್ಟ್ ಸರ್ಕಾರ ನ್ಯಾಷನಲ್ ಯೂತ್ ಅಡ್ಮಿನಿಸ್ಟ್ರೇಷನ್ ಶುರು ಮಾಡಿತು. ಬಡ ವಿದ್ಯಾರ್ಥಿಗೆ ಕಾಲೇಜಿನಲ್ಲೇ ಕೆಲಸ, ಕೂಲಿ ಸರ್ಕಾರದ್ದು. ಟೆಕ್ಸಸ್‌ನಲ್ಲಿ ಅದರ ಹೊಣೆ ಹೊತ್ತವನು ಇದೇ ಜಾನ್ಸನ್, ವಯಸ್ಸು 26. ಯುದ್ಧದ ನಡುವೆ, 1943ರಲ್ಲಿ, ಅದು ಮುಚ್ಚಿತು. ಆತ ಮರೆಯಲಿಲ್ಲ. 1964ರಲ್ಲಿ ಅಧ್ಯಕ್ಷನಾಗಿ ಸಹಿ ಹಾಕಿದ ಬಡತನ ನಿವಾರಣೆಯ ಕಾಯ್ದೆಯೊಳಗೆ 'ವರ್ಕ್-ಸ್ಟಡಿ' ಇತ್ತು. ಮರುವರ್ಷ ಉನ್ನತ ಶಿಕ್ಷಣ ಕಾಯ್ದೆಗೆ ಸಹಿ ಹಾಕಲು ಹೋದದ್ದು ತನ್ನ ಹಳೇ ಕಾಲೇಜಿಗೆ. ಗ್ಯಾರೇಜಿನ ಕಥೆ ಹೇಳಿದ್ದೂ ಅಲ್ಲೇ.

ಆದರೆ ಆ ದುಡ್ಡು ಸ್ಟೂಡೆಂಟ್ ವೀಸಾದವರಿಗಿಲ್ಲ. ನಮ್ಮ ಹುಡುಗರು ತರಗತಿಗಳಿರುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು, ಸಂಬಳ ಪೂರ್ತಿ ಕಾಲೇಜಿನ ಕಿಸೆಯಿಂದಲೇ ಬರಬೇಕು. ಪಕ್ಕದ ಸಿಂಕಿನಲ್ಲಿ ನಿಂತ ವರ್ಕ್-ಸ್ಟಡಿ ಹುಡುಗನ ಕೂಲಿಯಲ್ಲಿ ದೊಡ್ಡ ಪಾಲು ಸರ್ಕಾರ ಕೊಡುತ್ತೆ. ಹಾಗಾಗಿ ಎಷ್ಟೋ ಕೆಲಸದ ನೋಟೀಸುಗಳಲ್ಲಿ ಒಂದು ಸಾಲು ಕಾಣುತ್ತೆ: ವರ್ಕ್-ಸ್ಟಡಿ ಇದ್ದವರಿಗೆ ಮೊದಲ ಆದ್ಯತೆ.